ಮೊದಲ ಪಾಠ ಕೊನೆಯ ಸೀಟಿನಲ್ಲಿ

ಹೋದ ಭಾನುವಾರ ಪುಣೆ ಹತ್ತಿರದ ಭೋಸರಿಯಲ್ಲಿ ನಮ್ಮ ಕನ್ನಡ ಬಳಗದವರು ಸೇರಿದ್ದಾಗ ಬಸ್ಸು ಕಲಿಯುವ ಬಗ್ಗೆ ನಾನು ಆಡಿದ ಮಾತುಗಳಿವು. ಒಬ್ಬ ಹುಡುಗ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ಅದನ್ನು ಕೇಳಿಸಿಕೊಂಡು ಬರೆದಿದ್ದೇನೆ. ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ನಡುವೆ ಚಹಾ ಬಂದಾಗ ಎದ್ದ ಗದ್ದಲವನ್ನೂ ತೆಗೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಗಾಡಿ ಓಡಿಸುವವರು ಎಷ್ಟು ಜನ? ಕೈ ಎತ್ತಿ ನೋಡೋಣ. ಹಾಂ, ಅರ್ಧಕ್ಕಿಂತ ಜಾಸ್ತಿ. ಕ್ಯಾಬು, ಟೆಂಪೊ, ಕಂಪನಿ ಪಿಕಪ್ಪು. ಬಸ್ಸು ಓಡಿಸುವವರು? ಮೂರು ಕೈ. ಬಸ್ಸು ಓಡಿಸಬೇಕು ಅಂತ ಆಸೆ ಇರುವವರು? ನೋಡಿ, ಈಗ ಎಷ್ಟು ಕೈ ಎದ್ದವು! ಅದಕ್ಕೇ ಕಾರ್ಯದರ್ಶಿಗಳು ನನ್ನನ್ನು ಹಿಡಿದು ತಂದು ಇಲ್ಲಿ ನಿಲ್ಲಿಸಿದ್ದಾರೆ.

ನಾನು ಇಂಡಿ ಕಡೆಯವನು. ಪುಣೆಗೆ ಬಂದದ್ದು ಲಾರಿಯ ಕ್ಲೀನರ್ ಆಗಿ. ಆಮೇಲೆ ಕಂಪನಿ ಬಸ್ಸು, ಟೂರಿಸ್ಟ್ ಬಸ್ಸು. ಕೊನೆಯ ಹನ್ನೊಂದು ವರ್ಷ ಹೆವಿ ಗಾಡಿ ಕಲಿಸುವ ಕೆಲಸ. ನನಗೆ ಭಾಷಣ ಮಾಡಿ ಗೊತ್ತಿಲ್ಲ. ಪಕ್ಕದಲ್ಲಿ ಕೂತು ಬೈದು ಗೊತ್ತು. ದನಿ ಸ್ವಲ್ಪ ಏರಿದರೆ ಬೇಜಾರು ಮಾಡ್ಕೋಬೇಡಿ.

ಮೊದಲು ಕಾಗದದ ವಿಷಯ ಮುಗಿಸಿಬಿಡೋಣ. ಎಲ್ಲರೂ ಕೇಳುವುದು ಅದನ್ನೇ.

ಕಾರಿನ ಲೈಸೆನ್ಸು 18ಕ್ಕೆ ಸಿಗುತ್ತದೆ. ಬಸ್ಸಿಗೆ 20 ತುಂಬಿರಬೇಕು. ಅದೂ ಸಾಲದು. ಕಾರ್ಡಿನ ಮೇಲೆ ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ಗಾಡಿ, ಅಂತ ಬರೆದಿರುತ್ತದಲ್ಲ, ಆ ಲೈಸೆನ್ಸು ನಿಮ್ಮ ಕೈಗೆ ಬಂದು ಒಂದು ವರ್ಷ ಆಗಿರಬೇಕು. ಆಮೇಲೇ ಹೆವಿಗೆ, ಅಂದರೆ ಬಸ್ಸು ಲಾರಿಯಂಥ ದೊಡ್ಡ ಗಾಡಿಗೆ, ಎಲ್‌ಎಲ್, ಕಲಿಯುವವರ ಲೈಸೆನ್ಸು. ಹೌದು, ಮತ್ತೆ ಎಲ್‌ಎಲ್. ಹತ್ತು ವರ್ಷ ಕ್ಯಾಬ್ ಓಡಿಸಿದವನೂ ಇಲ್ಲಿ ಹೊಸ ವಿದ್ಯಾರ್ಥಿಯೇ. ಎಲ್‌ಎಲ್ ಬಂದು 30 ದಿನ ಆಗದೆ ಟೆಸ್ಟ್ ಕೊಡುವ ಹಾಗಿಲ್ಲ. ಆರು ತಿಂಗಳು ದಾಟಿದರೆ ಅದರ ಕತೆ ಮುಗಿಯಿತು. ಪಾಸಾದರೆ ಎಲ್‌ಎಂವಿ ಜೊತೆಗೆ ಟ್ರಾನ್ಸ್, ಅಂದರೆ ಟ್ರಾನ್ಸ್‌ಪೋರ್ಟ್, ಅಂತ ಇನ್ನೊಂದು ಪದ ಕಾರ್ಡಿಗೆ ಬರುತ್ತದೆ. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಅದೇನೂ ಮಾನ ಹೋಗುವ ವಿಷಯ ಅಲ್ಲ. ನಾನೇ ಒಮ್ಮೆ ಫೇಲಾಗಿದ್ದೆ, ಏರಿನಲ್ಲಿ ನಿಲ್ಲಿಸಿದ ಗಾಡಿ ಒಂದು ಗೇಣು ಹಿಂದೆ ಜಾರಿತ್ತು.

ಎಂಟನೇ ಕ್ಲಾಸು ಪಾಸಾಗಿರಬೇಕು ಅನ್ನುವ ನಿಯಮ 2019ರಲ್ಲಿ ಹೋಯಿತು. ನಮ್ಮ ಕಡೆಯಿಂದ ಬಂದವರಿಗೆ ಇದು ದೊಡ್ಡ ವಿಷಯ. ನಾಲ್ಕನೇ ಕ್ಲಾಸಿಗೆ ಪಾಟಿಚೀಲ ಇಟ್ಟು ಅಪ್ಪನ ಜೊತೆ ಕಬ್ಬು ಕಡಿಯಲು ಹೋದ ಹುಡುಗರು ನನ್ನ ಹತ್ತಿರ ಬರುತ್ತಿದ್ದರು. ಒಳ್ಳೆ ಕೈ, ಒಳ್ಳೆ ಕಣ್ಣು, ಕಾಗದ ಮಾತ್ರ ಇಲ್ಲ. ಕೆಲವರು ಎಂಟನೇ ಕ್ಲಾಸಿನ ಸರ್ಟಿಫಿಕೇಟು ಎಲ್ಲಿಂದಲೋ ಮಾಡಿಸಿಕೊಂಡು ಬರುತ್ತಿದ್ದರು. ಎಲ್ಲಿ ಅಂತ ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ. ಈಗ ಆ ಸುಳ್ಳಿನ ಗೊಡವೆ ಬೇಕಿಲ್ಲ. ಆದರೆ ಒಂದು ಮಾತು. ಇದು ಲೈಸೆನ್ಸಿನ ನಿಯಮ. ಸರ್ಕಾರಿ ನಿಗಮಗಳು ನೌಕರಿಗೆ ಕರೆದಾಗ ತಮ್ಮದೇ ಷರತ್ತು ಹಾಕುತ್ತವೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಡಾಕ್ಟರ ಸರ್ಟಿಫಿಕೇಟು ಬೇಕು. ಫಾರಂ 1ಎ ಅಂತಾರೆ. ಕಣ್ಣು, ಕಿವಿ, ಬಣ್ಣ ಗುರುತಿಸುವುದು ಎಲ್ಲ ಅದರಲ್ಲಿದೆ. ಕೆಲವು ಕಡೆ ಡಾಕ್ಟರು ನಿಮ್ಮ ಮುಖ ಕೂಡ ನೋಡದೆ ಸಹಿ ಹಾಕಿ ಕೊಡುತ್ತಾರೆ. ನೀವು ಮಾತ್ರ ನಿಮ್ಮ ಕಣ್ಣನ್ನು ನೀವೇ ನೋಡಿಕೊಳ್ಳಿ. ಸುಲಭ ಇದೆ. ಹಗಲು ಬೆಳಕಿನಲ್ಲಿ ನಿಂತ ಕಾರಿನಿಂದ 25 ಮೀಟರ್ ಹಿಂದೆ ಸರಿಯಿರಿ, ನಂಬರ್ ಪ್ಲೇಟು ಓದಿ. ಅರ್ಜಿಯ ಜೊತೆಗಿನ ಫಾರಮ್ಮಿನಲ್ಲಿ ಕೇಳುವುದೂ ಇದನ್ನೇ. ನನ್ನ ಹತ್ತಿರ ಒಬ್ಬ ಹುಡುಗ ಎರಡು ವಾರ ರಿವರ್ಸ್ ಕಲಿಯಲಾಗದೆ ಒದ್ದಾಡಿದ. ದಡ್ಡ ಅಂದುಕೊಂಡು ಬೈದೆ. ಕೊನೆಗೆ ನೋಡಿದರೆ ಬಲಗಣ್ಣಿಗೆ ಕನ್ನಡಕ ಬೇಕಿತ್ತು, ಪಾಪ.

ಮೊದಲೆಲ್ಲ ಈ ಲೈಸೆನ್ಸನ್ನು ಮೂರು ವರ್ಷಕ್ಕೊಮ್ಮೆ ರಿನ್ಯೂ ಮಾಡಿಸಬೇಕಿತ್ತು. ಈಗ ಐದು ವರ್ಷ. ಮುಗಿದು ಒಂದು ವರ್ಷದೊಳಗೆ ಮಾಡಿಸಿದರೆ ಸರಿ, ಅದನ್ನೂ ಮೀರಿದರೆ ಮತ್ತೆ ಟೆಸ್ಟು. ಇನ್ನು ಊರಲ್ಲಿ, ವಿಜಯಪುರದಲ್ಲೋ ಕಲಬುರಗಿಯಲ್ಲೋ ಮಾಡಿಸಿದ ಲೈಸೆನ್ಸು ಇಲ್ಲಿ ನಡೆಯುತ್ತಾ ಅಂತ ಒಬ್ಬರು ಆಗಲೇ ಕೇಳಿದರು. ನಡೆಯುತ್ತದೆ. ಲೈಸೆನ್ಸು ಇಡೀ ದೇಶಕ್ಕೆ ಒಂದೇ. ಬ್ಯಾಡ್ಜು ಹಾಗಲ್ಲ. ಜನರನ್ನು ಕೂರಿಸಿಕೊಂಡು ಬಾಡಿಗೆಗೆ ಓಡಿಸುವವರಿಗೆ ಕೊಡುವ ಬ್ಯಾಡ್ಜು ಆಯಾ ರಾಜ್ಯದ ನಿಯಮದ ಪ್ರಕಾರ ಬರುವಂಥದ್ದು. ಅದಕ್ಕೆ ಪೊಲೀಸರ ಪರಿಶೀಲನೆಯೂ ಇರುತ್ತದೆ. ಊರಿನ ಹಳೆ ಜಗಳದ ಕೇಸು ಏನಾದರೂ ಇದ್ದರೆ ಮೊದಲು ಅದನ್ನು ನೋಡಿಕೊಳ್ಳಿ.

ಸಾಕು ಕಾಗದ. ಇಲ್ಲ, ಇನ್ನೊಂದಿದೆ. ಮಿನಿಬಸ್ಸು.

ಟಿಟಿ, ಅಂದರೆ ಟೆಂಪೊ ಟ್ರಾವೆಲರ್, ಓಡಿಸೋಕೆ ಹೆವಿ ಬೇಕಾ ಬೇಡ್ವಾ ಅಂತ ಹತ್ತು ಜನರನ್ನು ಕೇಳಿ, ಹನ್ನೊಂದು ಉತ್ತರ ಬರುತ್ತದೆ. ಎಲ್ಲರೂ ಸೀಟು ಎಣಿಸುತ್ತಾರೆ. ಕಾನೂನು ಇಲ್ಲಿ ಎಣಿಸುವುದು ಕಿಲೊ. ಖಾಲಿ ಗಾಡಿ, ಅದರೊಳಗೆ ಕೂರಬಹುದಾದ ಜನ, ಸಾಮಾನು, ಎಲ್ಲ ಸೇರಿ ತುಂಬಿದ ತೂಕ 7,500 ಕಿಲೊ ಮೀರದಿದ್ದರೆ ಅದು ಹಗುರ ಗಾಡಿ, ಎಲ್‌ಎಂವಿ. ಈ ತೂಕ ಗಾಡಿಯ ನೋಂದಣಿ ಪತ್ರ ಆರ್‌ಸಿಯಲ್ಲಿ ಬರೆದಿರುತ್ತದೆ. ಇಂಥ ಗಾಡಿಯನ್ನು ಬಾಡಿಗೆಗೆ ಓಡಿಸಿದರೂ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತು. ಇನ್ಶೂರೆನ್ಸ್ ಕಂಪನಿಗಳು ಒಪ್ಪಲಿಲ್ಲ. ಕೊನೆಗೆ ಐದು ಜಡ್ಜುಗಳ ಪೀಠ 2024ರ ನವೆಂಬರ್ 6ರಂದು ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಸಾಮಾನ್ಯ ಟಿಟಿಗೆ ಎಲ್‌ಎಂವಿ ಸಾಕು. 7,500 ದಾಟಿದ ಮಿನಿಬಸ್ಸಿಗೆ ಸಾಲದು. ನೋಡೋಕೆ ಎರಡೂ ಅಣ್ಣತಮ್ಮಂದಿರ ಹಾಗೇ ಇರುತ್ತವೆ. ಮಾಲೀಕ ಕೀಲಿ ಕೊಟ್ಟಾಗ ಮೊದಲು ಆರ್‌ಸಿ ಕೇಳಿ. ಕೇಳಿದ್ದಕ್ಕೆ ಸಿಟ್ಟು ಮಾಡುವ ಮಾಲೀಕನ ಗಾಡಿ ಹತ್ತಬೇಡಿ. ಸರಿಯಾದ ಲೈಸೆನ್ಸಿಲ್ಲದೆ ಅಪಘಾತ ಆದರೆ ಇನ್ಶೂರೆನ್ಸಿನವರು ಮೊದಲು ಕೊಟ್ಟರೂ ಆಮೇಲೆ ವಸೂಲಿಗೆ ಬರುತ್ತಾರೆ.

ಈಗ ನಾನು ಹೇಳಬೇಕು ಅಂತ ಬಂದ ಮಾತಿಗೆ ಬರುತ್ತೇನೆ.

ಹೆವಿ ಟೆಸ್ಟಿಗೆ ಹೋಗುವಾಗ ಡ್ರೈವಿಂಗ್ ಸ್ಕೂಲಿನಿಂದ ಫಾರಂ 5 ಅನ್ನುವ ಸರ್ಟಿಫಿಕೇಟು ಕೊಡಬೇಕು. ಈ ಹುಡುಗ ನಮ್ಮಲ್ಲಿ ಕಲಿತಿದ್ದಾನೆ ಅಂತ. ಕಲಿಯುವುದು ಅಂದರೆ ಎಷ್ಟು? ನಿಯಮದಲ್ಲೇ ಬರೆದಿದೆ: ಕಡಿಮೆ ಅಂದರೆ 30 ದಿನ, ಅದರಲ್ಲಿ ನಿಮ್ಮ ಕೈಯಲ್ಲಿ ಸ್ಟೇರಿಂಗ್ 15 ಗಂಟೆ. 2021ರಲ್ಲಿ ಬಂದ ನಿಯಮದ ಪ್ರಕಾರ ಮಾನ್ಯತೆ ಪಡೆದ ದೊಡ್ಡ ತರಬೇತಿ ಕೇಂದ್ರಗಳಲ್ಲಿ ಪಾಠ, ಓಡಾಟ ಎಲ್ಲ ಸೇರಿ ಆರು ವಾರ, 38 ಗಂಟೆ. ಅಲ್ಲಿ ಪಾಸಾದವರಿಗೆ ಆರ್‌ಟಿಓ ಮುಂದೆ ಮತ್ತೆ ಗಾಡಿ ಓಡಿಸಿ ತೋರಿಸುವ ತಾಪತ್ರಯವೂ ಇಲ್ಲ.

ನಾನು ಕಲಿತದ್ದು ಹೇಗೆ ಗೊತ್ತಾ? ಒಂದು ಹಳೆ ಲಾರಿ. ಹಿಂದೆ ಬೆಂಚು. ಒಂಬತ್ತು ಜನ ಹುಡುಗರು. ಒಬ್ಬೊಬ್ಬನಿಗೆ ದಿನಕ್ಕೆ ಹತ್ತು ನಿಮಿಷ, ಅದರಲ್ಲಿ ಅರ್ಧ ಸಿಗ್ನಲ್ಲಿನಲ್ಲಿ ನಿಂತದ್ದು. ಹದಿನೈದು ದಿನ ಹೀಗೆ ನಡೆಯಿತು. ಆಮೇಲೆ ಮಾಲೀಕ ಒಂದು ರಿಜಿಸ್ಟರ್ ತಂದು ಮುಂದಿಟ್ಟು, "ಇಲ್ಲಿ ಸಹಿ ಹಾಕು" ಅಂದ. ಅದರಲ್ಲಿ ನಾನು 15 ಗಂಟೆ ಓಡಿಸಿದ್ದೆ! ದಿನ, ಗಂಟೆ, ಕಿಲೊಮೀಟರ್ ಎಲ್ಲ ಮುದ್ದಾದ ಅಕ್ಷರದಲ್ಲಿ. ಸಹಿ ಹಾಕಿದೆ. ನನ್ನ ಲೆಕ್ಕದಲ್ಲಿ ನಾನು ನಿಜವಾಗಿ ಸ್ಟೇರಿಂಗ್ ಹಿಡಿದದ್ದು, ಸಿಗ್ನಲ್ಲಿನಲ್ಲಿ ನಿಂತದ್ದೂ ಸೇರಿ, ಎರಡೂವರೆ ಗಂಟೆ. ಉಳಿದ ಹನ್ನೆರಡೂವರೆ ಗಂಟೆಯನ್ನು ಆಮೇಲೆ ನನ್ನ ಬಸ್ಸಿನ ಜನರ ಮೇಲೆ ಕಲಿತೆ. ಅವರಿಗೆ ಅದು ಗೊತ್ತಿರಲಿಲ್ಲ.

ಅದಕ್ಕೇ ಹೇಳುತ್ತೇನೆ. ಫೀಸು ಎಷ್ಟು, ಎಷ್ಟು ದಿನದಲ್ಲಿ ಕಾರ್ಡು ಕೈಗೆ ಬರುತ್ತದೆ ಅಂತ ಕೇಳುವ ಮೊದಲು ಇನ್ನೊಂದನ್ನು ಕೇಳಿ: ಒಂದು ಗಾಡಿಗೆ ಎಷ್ಟು ಹುಡುಗರು? ಒಂದು ಸಣ್ಣ ಡೈರಿ ಇಟ್ಟುಕೊಳ್ಳಿ. ದಿನ ಎಷ್ಟು ಹೊತ್ತು ಸ್ಟೇರಿಂಗ್ ಹಿಡಿದಿರಿ ಅಂತ ಬರೆಯಿರಿ. 15 ಗಂಟೆ ಆಗುವ ತನಕ ಅವರ ರಿಜಿಸ್ಟರಿಗೆ ಸಹಿ ಹಾಕಬೇಡಿ. ಏಜೆಂಟು "ಪ್ಯಾಕೇಜು" ಅಂತಾನೆ. ಕ್ಲಾಸಿಗೆ ಬರೋದೇ ಬೇಡ, ಟೆಸ್ಟಿನ ದಿನ ಬಂದರೆ ಸಾಕು ಅಂತಾನೆ. ಅವನಿಗೇನು, ಆ ಬಸ್ಸಿನಲ್ಲಿ ಅವನು ಕೂರುವುದಿಲ್ಲ.

ಇದೇ ಭೋಸರಿಯಲ್ಲಿ ಸಿಐಆರ್‌ಟಿ ಇದೆ. 1967ರಲ್ಲಿ ಶುರುವಾದ ಕೇಂದ್ರ ರಸ್ತೆ ಸಾರಿಗೆ ಸಂಸ್ಥೆ. ದೇಶದ ಸಾರಿಗೆ ನಿಗಮಗಳವರೆಲ್ಲ ತರಬೇತಿಗೆ ಇಲ್ಲಿಗೆ ಬರುತ್ತಾರೆ. ಪಕ್ಕದಲ್ಲೇ ಡ್ರೈವಿಂಗ್ ತರಬೇತಿಯ ಸಂಸ್ಥೆ ಐಡಿಟಿಆರ್, ಅದರ ಟೆಸ್ಟ್ ಟ್ರ್ಯಾಕು. ನಾವು ದಿನಾ ಅದರ ಮುಂದೆಯೇ ಓಡಾಡುತ್ತೇವೆ, ಒಳಗೆ ಏನು ನಡೆಯುತ್ತದೆ ಅಂತ ಕೇಳುವುದಿಲ್ಲ. ಮಹಾರಾಷ್ಟ್ರದ ಸರ್ಕಾರಿ ಬಸ್ಸು ಸಂಸ್ಥೆ ಎಸ್‌ಟಿಯ ಮೊದಲ ಬಸ್ಸು ಕೂಡ 1948ರ ಜೂನ್ 1ರಂದು ಹೊರಟದ್ದು ಪುಣೆಯಿಂದಲೇ, ಅಹ್ಮದ್‌ನಗರಕ್ಕೆ. ಬಸ್ಸು ಕಲಿಯೋಕೆ ಇದಕ್ಕಿಂತ ಒಳ್ಳೆ ಊರು ಬೇಕಾ?

ಕಾರು ಬರುತ್ತದಲ್ಲ, ಬಸ್ಸು ಅಂದರೆ ದೊಡ್ಡ ಕಾರು ತಾನೆ ಅಂತ ಹುಡುಗರು ಬರುತ್ತಾರೆ. ಅಲ್ಲಪ್ಪಾ. ಕಾರಿನಲ್ಲಿ ನೀನು ಮುಂದಿನ ಚಕ್ರದ ಹಿಂದೆ ಕೂತಿರುತ್ತೀಯ. ಬಸ್ಸಿನಲ್ಲಿ ಚಕ್ರ ನಿನ್ನ ಹಿಂದೆ. ಕಾರಿನ ಹಾಗೆ ತಿರುಗಿಸಿದರೆ ಒಳಗಿನ ಹಿಂದಿನ ಚಕ್ರ ಫುಟ್‌ಪಾತ್ ಹತ್ತುತ್ತದೆ. ನಿನ್ನ ಮೂಗು ತಿರುವು ದಾಟಿ ಮುಂದೆ ಹೋಗಬೇಕು, ಎದುರಿನ ಗೋಡೆಗೆ ಗುದ್ದಿಯೇಬಿಟ್ಟೆ ಅನ್ನಿಸಬೇಕು, ಆಗ ತಿರುಗಿಸಬೇಕು. ಈ ಭಯ ಹೋಗೋಕೇ ಒಂದು ವಾರ ಬೇಕು.

ಇನ್ನೊಂದು ವಿಷಯ, ಬಸ್ಸಿನ ಬಾಲ. 12 ಮೀಟರಿನ ಬಸ್ಸು, ಹಿಂದಿನ ಚಕ್ರದ ಆಚೆಗೂ ಮೂರು ಮೀಟರಿನಷ್ಟು ಉಳಿದಿರುತ್ತದೆ. ಮುಂದೆ ಎಡಕ್ಕೆ ತಿರುಗಿಸಿದಾಗ ಆ ಬಾಲ ಬಲಕ್ಕೆ ಬೀಸುತ್ತದೆ. ನನಗೆ ಇದನ್ನು ಕಲಿಸಿದ್ದು ಒಬ್ಬ ಪೇರಲ ಹಣ್ಣಿನ ಅಜ್ಜಿ. ಚಿಂಚವಡದಲ್ಲಿ ಕಂಪನಿ ಬಸ್ಸನ್ನು ಸ್ಟಾಪಿನಿಂದ ಬಲಕ್ಕೆ ಎಳೆದು ಹೊರಟೆ. ಎಡಗಡೆ ಕನ್ನಡಿ ನೋಡಿದ್ದೆ, ಜಾಗ ಇತ್ತು. ಆದರೆ ಹೊರಡುವ ಮೊದಲು ನೋಡಿದ್ದು. ತಿರುಗುವಾಗ ನೋಡಲಿಲ್ಲ. ಬಾಲ ಬೀಸಿ ಅವರ ಕೈಗಾಡಿಯ ಮೂಲೆಗೆ ತಾಗಿತು. ನನಗೆ ಸದ್ದೂ ಕೇಳಲಿಲ್ಲ. ಕನ್ನಡಿಯಲ್ಲಿ ಹಸಿರು ಹಸಿರಾಗಿ ಏನೋ ರಸ್ತೆ ತುಂಬ ಉರುಳುತ್ತಿದೆ, ಅಷ್ಟೇ. ಇಳಿದು ಬಂದೆ. ಅಜ್ಜಿಗೆ ಏನೂ ಆಗಿರಲಿಲ್ಲ, ದೇವರ ದಯ. ಅವರು ಬೈಯಲಿಲ್ಲ. ಹಣ್ಣು ಆಯ್ದುಕೊಡು ಅಂದರು. ಬಸ್ಸಿನಲ್ಲಿದ್ದ ಶಿಫ್ಟಿನವರು ಹಾರ್ನ್ ಒತ್ತುತ್ತಿದ್ದರು, ನಾನು ರಸ್ತೆಯಲ್ಲಿ ಮಂಡಿಯೂರಿ ಪೇರಲ ಆಯುತ್ತಿದ್ದೆ. ಅವತ್ತಿನಿಂದ ಬಸ್ಸು ಹೊರಡುವಾಗ ಒಂದಲ್ಲ, ಮೂರು ಸಲ ಕನ್ನಡಿ ನೋಡುತ್ತೇನೆ. ಹೊರಡುವ ಮೊದಲು, ತಿರುಗುವಾಗ, ನೇರ ಆದ ಮೇಲೆ.

ಅದಕ್ಕೇ ನನ್ನ ಹತ್ತಿರ ಕಲಿಯಲು ಬಂದವರಿಗೆ ಮೊದಲ ದಿನ ಸ್ಟೇರಿಂಗ್ ಇಲ್ಲ. ಸಿಟಿ ಬಸ್ಸಿನ ಟಿಕೆಟ್ ತೆಗೆಸಿ ಕೊನೆಯ ಸೀಟಿನಲ್ಲಿ ಕೂರಿಸುತ್ತಿದ್ದೆ. ಡ್ರೈವರ್ ಬ್ರೇಕು ಒತ್ತಿದಾಗ ಅಲ್ಲಿ ಏನಾಗುತ್ತದೆ ನೋಡು. ಹಂಪ್ ಬಂದಾಗ ನಿನ್ನ ಸೊಂಟಕ್ಕೆ ಏನಾಯಿತು? ಮುಂದಿನ ಚಕ್ರ ಹಂಪ್ ಇಳಿದ ಕೂಡಲೇ ಅವನು ವೇಗ ಹೆಚ್ಚಿಸಿದ, ಅಲ್ವಾ? ಹಿಂದಿನ ಚಕ್ರ ಇನ್ನೂ ಹತ್ತಿರಲೇ ಇಲ್ಲ. ವಾಪಸ್ ಬರುವಾಗ ಸೀಟಿದ್ದರೂ ಕೂರಬಾರದು. ನಿಂತು, ಕಂಬಿ ಹಿಡಿಯದೆ ಬರಬೇಕು. ಒಬ್ಬ ಡ್ರೈವರ್ ಬಸ್ಸಿನಲ್ಲಿ ಎರಡು ಹೆಜ್ಜೆ ತೂರಾಡಿದೆ, ಇನ್ನೊಬ್ಬನ ಬಸ್ಸಿನಲ್ಲಿ ಕದಲಲೇ ಇಲ್ಲ. ರಸ್ತೆ ಒಂದೇ, ಗಾಡಿ ಒಂದೇ. ವ್ಯತ್ಯಾಸ ಇರುವುದು ಪಾದದಲ್ಲಿ. ಆ ಎರಡನೆಯವನ ಪಾದ ನೋಡು. ಪೂರ್ತಿ ನಿಲ್ಲುವ ಮೊದಲು ಬ್ರೇಕನ್ನು ಒಂದು ಚೂರು ಸಡಿಲ ಬಿಡುತ್ತಾನೆ. ಅಷ್ಟೇ ಗುಟ್ಟು. ಅದನ್ನು ಯಾವ ಟೆಸ್ಟಿನಲ್ಲೂ ಕೇಳುವುದಿಲ್ಲ.

ಘಾಟಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ನಮಗೆ ಆ ಕಡೆ ಹೋದರೆ ಖಂಡಾಳ, ಈ ಕಡೆ ಕಾತ್ರಜ್, ಸಾಸವಡದ ದಾರಿಯಲ್ಲಿ ದಿವೆ ಘಾಟ್. ಹತ್ತುವುದು ಎಂಜಿನ್ನಿನ ಕೆಲಸ, ಇಳಿಸುವುದು ಡ್ರೈವರನದು. ಯಾವ ಗೇರಿನಲ್ಲಿ ಹತ್ತುತ್ತಿದ್ದೆಯೋ ಅದರಲ್ಲೇ ಇಳಿ ಅಂತ ಹಳಬರು ಹೇಳುತ್ತಿದ್ದರು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರನ್ನು ನೋಡಿದ್ದೇನೆ. ಇಳಿತದಲ್ಲಿ ಗಾಡಿಯನ್ನು ಹಿಡಿದಿಡುವುದು ಎಂಜಿನ್ನು. ಅದನ್ನು ಬಿಟ್ಟರೆ ಎಲ್ಲ ಭಾರ ಬ್ರೇಕಿನ ಮೇಲೆ. ಡ್ರಮ್ಮು ಕಾಯುತ್ತದೆ, ಲೈನರ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ಹಿಡಿಯುವುದಿಲ್ಲ. ಏರ್ ಬ್ರೇಕನ್ನು ಪಂಪು ಹೊಡೆದ ಹಾಗೆ ಒತ್ತಿ ಬಿಟ್ಟು ಮಾಡಿದರೆ ಟ್ಯಾಂಕಿನ ಗಾಳಿಯೇ ಖಾಲಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೂ ಅಷ್ಟೇ. ಬಜರ್ ನಿಲ್ಲುವ ತನಕ, ಗೇಜಿನ ಮುಳ್ಳು ಮೇಲೆ ಬರುವ ತನಕ ಗಾಡಿ ಹಂದಬಾರದು. ಮಾಲೀಕ ಕೂಗಲಿ, ಪ್ಯಾಸೆಂಜರ್ ಕೂಗಲಿ.

ಈಗ ಕರೆಂಟಿನ ಬಸ್ಸು ಬಂದಿದೆ. ಪುಣೆಯಲ್ಲಿ 2019ರಿಂದ ಓಡುತ್ತಿವೆ. ಕ್ಲಚ್ ಇಲ್ಲ, ಗೇರ್ ಇಲ್ಲ, ಆರಾಮ ಅಂತ ಎಲ್ಲರೂ ಅಂದುಕೊಂಡರು. ನಾನು ನೋಡಿದ್ದು ಬೇರೆ. ಇಪ್ಪತ್ತು ವರ್ಷ ಕ್ಲಚ್ ಒತ್ತಿದ ಎಡಗಾಲು ಸುಮ್ನೆ ಕೂರುವುದಿಲ್ಲ. ಏನನ್ನೋ ಹುಡುಕುತ್ತದೆ. ಒಬ್ಬ ಹಳೇ ಡ್ರೈವರ್, ನನಗಿಂತ ಒಳ್ಳೆ ಕೈ, ಮೊದಲ ದಿನ ಯಾರ್ಡಿನಲ್ಲಿ ಕ್ಲಚ್ ಅಂತ ಎಡಗಾಲಿನಿಂದ ಬ್ರೇಕು ತುಳಿದ. ಬಸ್ಸು ಗಕ್ಕನೆ ನಿಂತಿತು. ಹಿಂದೆ ನಿಂತಿದ್ದ ನಾಲ್ಕು ಜನ ಒಬ್ಬರ ಮೇಲೊಬ್ಬರು. ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ಎಡಗಾಲಿನ ಚಪ್ಪಲಿ ಬಿಚ್ಚಿಟ್ಟು ಬರಿಗಾಲನ್ನು ಸೀಟಿನ ಕಡೆಗೆ ಎಳೆದುಕೊಂಡು ಕೂತ. ಎರಡು ವಾರ ಹಾಗೇ ಓಡಿಸಿದ. ಇನ್ನೊಂದು, ಈ ಬಸ್ಸಿಗೆ ಸದ್ದಿಲ್ಲ. ಡೀಸೆಲ್ ಗಾಡಿಯಲ್ಲಿ ಕಾಲು ಜಾಸ್ತಿ ಒತ್ತಿದರೆ ಮೊದಲು ಎಂಜಿನ್ ಕೂಗಿ ಹೇಳುತ್ತದೆ, ಆಮೇಲೆ ಗಾಡಿ ಓಡುತ್ತದೆ. ಇದರಲ್ಲಿ ಹೇಳುವವರೇ ಇಲ್ಲ. ಒತ್ತಿದ ಕ್ಷಣ ಎಳೆತ ಬರುತ್ತದೆ.

2024ರ ಡಿಸೆಂಬರ್ 9ರ ರಾತ್ರಿ ಮುಂಬೈಯ ಕುರ್ಲಾದಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ಜನ ತುಂಬಿದ ಮಾರುಕಟ್ಟೆಯ ರಸ್ತೆ, 12 ಮೀಟರಿನ ಕರೆಂಟಿನ ಬಸ್ಸು. ಏಳಕ್ಕೂ ಹೆಚ್ಚು ಜೀವ ಹೋದವು. ತಪ್ಪು ಯಾರದು ಅಂತ ಹೇಳಲು ನಾನು ಕೋರ್ಟಲ್ಲ. ಆದರೆ ಆ ಡ್ರೈವರ್ ಅದಕ್ಕೂ ಮೊದಲು ಚಿಕ್ಕ ಬಸ್ಸುಗಳನ್ನು ಓಡಿಸುತ್ತಿದ್ದ, ದೊಡ್ಡ ಕರೆಂಟಿನ ಬಸ್ಸಿನಲ್ಲಿ ಸಿಕ್ಕ ತರಬೇತಿ ತೀರಾ ಕಡಿಮೆ ಅಂತ ಪತ್ರಿಕೆಗಳಲ್ಲಿ ಬಂತು. ಓದಿದಾಗ ನನಗೆ ಆ ಹಳೇ ಡ್ರೈವರನ ಬರಿಗಾಲು ನೆನಪಾಯಿತು. ಕಾರ್ಡಿನ ಮೇಲೆ ಟ್ರಾನ್ಸ್ ಅಂತ ಒಂದೇ ಪದ ಇರುತ್ತದೆ. ಚಿಕ್ಕದು, ದೊಡ್ಡದು, ಡೀಸೆಲ್, ಕರೆಂಟು ಅಂತ ಅದು ಭೇದ ಮಾಡುವುದಿಲ್ಲ. ಹೊಸ ಥರದ ಗಾಡಿ ಕೊಟ್ಟರೆ ಖಾಲಿ ಬಸ್ಸಿನಲ್ಲಿ ಇಷ್ಟು ದಿನ ಬೇಕು ಅಂತ ನೀವೇ ಬಾಯಿ ಬಿಟ್ಟು ಕೇಳಬೇಕು. ಕೆಲಸ ಹೋದೀತು ಅಂತ ಭಯ, ನನಗೂ ಗೊತ್ತು. ಆದರೂ ಕೇಳಿ.

ಪ್ರಶ್ನೆಗಳು ಬಂದವು, ಎರಡನ್ನು ಬರೆಯುತ್ತೇನೆ.

ಹಿಂದಿನ ಸಾಲಿನಿಂದ ಒಬ್ಬ ಅವ್ವ ಎದ್ದರು. "ಅಣ್ಣಾ, ನನ್ನ ಮಗ ನೈಟ್ ಬಸ್ಸಿಗೆ ಹೋಗ್ತಾನ. ಬಂದ ಮರುದಿನಾನೇ ಮತ್ತೆ ಕಳಸ್ತಾರ. ಕೇಳೋರು ಯಾರೂ ಇಲ್ಲೇನು?"

ಅವ್ವಾ, ಕಾನೂನು ಇದೆ. ಮೊದಲು 1961ರದು ಇತ್ತು, 2025ರ ನವೆಂಬರಿನಿಂದ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ದಿನಕ್ಕೆ 8 ಗಂಟೆ, ವಾರಕ್ಕೆ 48. ಹಳೇ ಕಾನೂನಿನಲ್ಲಿ ದೂರದ ರೂಟಿಗೆ, ಹಬ್ಬದ ಸಮಯಕ್ಕೆ ಅನುಮತಿ ಪಡೆದರೂ ದಿನಕ್ಕೆ 10, ವಾರಕ್ಕೆ 54 ಮೀರುವ ಹಾಗಿರಲಿಲ್ಲ. ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಇತ್ತು. ಪುಣೆಯಿಂದ ಬೆಂಗಳೂರು 800 ಕಿಲೊಮೀಟರಿಗೂ ಜಾಸ್ತಿ. ಅದು ಒಬ್ಬನ ಕೆಲಸವೇ ಅಲ್ಲ. ಮಗನಿಗೆ ಹೇಳಿ, ಬಸ್ಸಿನಲ್ಲಿ ಇನ್ನೊಬ್ಬ ಡ್ರೈವರ್ ಇದ್ದಾನಾ ಅಂತ ಮೊದಲು ನೋಡಲಿ. ಇಲ್ಲದಿದ್ದರೆ ಆ ಕೆಲಸ ಬಿಟ್ಟು ಇಲ್ಲೇ ಸ್ಟಾಫ್ ಬಸ್ಸು ಹಿಡಿಯಲಿ. ಸಂಬಳ ಎರಡು ಸಾವಿರ ಕಡಿಮೆ ಬಂದರೂ ರಾತ್ರಿ ಮನೆಯಲ್ಲಿರುತ್ತಾನೆ.

ಒಬ್ಬ ಹುಡುಗಿ ಕೇಳಿದಳು, ನಾವೂ ಬಸ್ಸು ಕಲಿಯಬಹುದಾ ಅಂತ. ಅವಳ ಅಪ್ಪ ಪಕ್ಕದಲ್ಲೇ ಕೂತಿದ್ದರು, ನೆಲ ನೋಡುತ್ತಾ. ಕಾನೂನಿನಲ್ಲಿ ಹೆಣ್ಣು ಗಂಡು ಅಂತ ಇಲ್ಲವೇ ಇಲ್ಲಮ್ಮಾ. ಮುಂಬೈಯ ಸಿಟಿ ಬಸ್ಸು ಸಂಸ್ಥೆ ಬೆಸ್ಟ್‌ನ ಬಸ್ಸನ್ನು 2022ರಲ್ಲೇ ಹೆಣ್ಣುಮಗಳು ಓಡಿಸಿದ್ದಾಳೆ. ಪವರ್ ಸ್ಟೇರಿಂಗ್ ಬಂದ ಮೇಲೆ ತೋಳಿನ ಬಲದ ಮಾತೂ ಇಲ್ಲ. ನೀನು ಎಲ್‌ಎಂವಿ ಮಾಡಿಸು, ಒಂದು ವರ್ಷ ಆಗಲಿ, ಬಾ. ಅಪ್ಪನನ್ನೂ ಕರೆದುಕೊಂಡು ಬಾ.

ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ನಾಶಿಕ್ ಫಾಟಾದ ಬಸ್ ಸ್ಟಾಪಿನಲ್ಲಿ ಇರುತ್ತೇನೆ. ಸ್ವಾರಗೇಟ್ ಕಡೆ ಹೋಗುವ ಬಸ್ಸು ಹತ್ತೋಣ. ಹೋಗುವಾಗ ಕೊನೆಯ ಸೀಟು, ಬರುವಾಗ ನಿಂತು. ಟಿಕೆಟ್ಟು ಅವರವರದು, ಚಿಲ್ಲರೆ ತನ್ನಿ.